ಎಡಕ್ಕೆ ತಿರುಗದ ಹುಲಿ

ಕಟಪಾಡಿ ಜಂಕ್ಷನ್ನಿನ ರಿಕ್ಷಾ ಸ್ಟ್ಯಾಂಡಿಗೆ ಹೋಗಿ ತಾರಾನಾಥ ಎಲ್ಲಿ ಎಂದು ಕೇಳಿದರೆ, ಯಾವ ತಾರಾನಾಥ ಎಂದು ತಿರುಗಿ ಕೇಳುತ್ತಾರೆ. ಮುಡಿ ತಾರಾನಾಥ ಎಂದು ಹೇಳಿ ನೋಡಿ, ನಾಲ್ಕು ಕೈಗಳು ಒಟ್ಟಿಗೇ ಒಂದೇ ರಿಕ್ಷಾದ ಕಡೆ ಏಳುತ್ತವೆ. ವರ್ಷವಿಡೀ ಅವನು ಖಾಕಿ ಅಂಗಿಯ ಚಾಲಕ. ಕೃಷ್ಣಾಷ್ಟಮಿಯ ಹೊತ್ತಿಗೆ ಮಾತ್ರ ಹುಲಿ. ಮೈತುಂಬ ಹಳದಿ, ಅದರ ಮೇಲೆ ಕಪ್ಪು ಪಟ್ಟೆ, ತಲೆಗೆ ಹುಲಿಯ ಟೊಪ್ಪಿ. ತಾಸೆ ವಾದ್ಯದ ಬಡಿತಕ್ಕೆ ಉಡುಪಿಯ ಬೀದಿಗಳಲ್ಲಿ ಕುಣಿದು ಕುಣಿದು, ಕೊನೆಗೆ ನೆಲದ ಮೇಲಿಟ್ಟ ಅಕ್ಕಿಮುಡಿಯ ಮುಂದೆ ಬಗ್ಗುತ್ತಾನೆ. ಬೈಹುಲ್ಲಿನ ಹಗ್ಗದಲ್ಲಿ ಬಿಗಿದು ಕಟ್ಟಿದ ಅಕ್ಕಿಯ ದೊಡ್ಡ ಉಂಡೆ ಅದು, ಮೂವತ್ತೈದು ಕೆ.ಜಿ.ಗೆ ಒಂದು ಹಿಡಿಯೂ ಕಡಿಮೆ ಇರುವುದಿಲ್ಲ. ಅದನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕೈ ಮುಟ್ಟಿಸುವ ಹಾಗಿಲ್ಲ. ಮುಡಿ ಬೆನ್ನ ಹಿಂದೆ ಧೊಪ್ಪೆಂದು ಬಿದ್ದಾಗ ಜನ ಹಾಕುವ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದು ಹೋಗುತ್ತವೆ.

ಇದು ಅವನಿಗೆ ಮೋಜಿಗೆ ಬಂದದ್ದಲ್ಲ, ಹರಕೆಯಿಂದ ಬಂದದ್ದು. ಮಗಳು ವಿಜೇತಾ ಮೂರು ತಿಂಗಳ ಕೂಸಾಗಿದ್ದಾಗ ನ್ಯುಮೋನಿಯಾ ಹಿಡಿಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಹತ್ತು ದಿನ. ಹೊರಗಿನ ಜಗಲಿಯಲ್ಲಿ ಕುಳಿತ ತಾರಾನಾಥ, "ಕೃಷ್ಣಾ, ಕೂಸು ಉಳಿಯಲಿ. ಅವಳಿಗೆ ಹದಿನೆಂಟು ತುಂಬುವ ತನಕ ಪ್ರತಿ ಅಷ್ಟಮಿಗೆ ಮುಡಿ ಎತ್ತುತ್ತೇನೆ" ಎಂದುಬಿಟ್ಟ. ಎಂದ ಮೇಲೆ ನೆನಪಾಯಿತು, ತನಗೆ ಮುಡಿ ಎತ್ತಲು ಬರುವುದಿಲ್ಲ! ಹನ್ನೆರಡನೇ ವಯಸ್ಸಿನಿಂದ ಹುಲಿ ಕುಣಿದವನು ನಿಜ, ಆದರೆ ಮುಡಿಯ ಹತ್ತಿರ ಹೋದವನಲ್ಲ. ಕೂಸು ಉಳಿಯಿತು. ಅಪ್ಪ ಓಡಿಹೋಗಿ ತಂಡದ ಹಿರಿಯ ಅಂಗಾರಣ್ಣನ ಕಾಲು ಹಿಡಿದ. ಅಂಗಾರಣ್ಣ ಬೈದು, ನಕ್ಕು, ಆಮೇಲೆ ಹುಲ್ಲಿನ ಹಗ್ಗಕ್ಕೆ ಎರಡು ತೆಂಗಿನಕಾಯಿ ಕಟ್ಟಿ ಕಚ್ಚಲು ಕೊಟ್ಟ. ಹಾಗೆ ಶುರುವಾದದ್ದು. ಕೊರೊನಾ ವರ್ಷ ಬೀದಿಯೆಲ್ಲ ಬಂದ್ ಆಗಿದ್ದಾಗಲೂ, ಹೆಂಡತಿ ಕಮಲ ಸ್ಟೀಲ್ ಡಬ್ಬಿ ಬಾರಿಸಿ, ಮನೆಯಂಗಳದಲ್ಲೇ ಮುಡಿ ಎದ್ದಿತ್ತು.

ಮುಡಿ ಕಚ್ಚುವ ಮೊದಲು ಅವನದೊಂದು ಅಭ್ಯಾಸ ಉಂಟು. ಉಡುಪಿಯ ಬನ್ನಂಜೆಯಲ್ಲಿ ಮುಡಿ ಇಡುವ ಜಾಗದ ಎಡಗಡೆ ಒಂದು ಪುಸ್ತಕದಂಗಡಿ, ಅದರ ಮೆಟ್ಟಿಲ ಮೇಲೆ ಕಮಲ ಕೂಸನ್ನೆತ್ತಿಕೊಂಡು ನಿಲ್ಲುತ್ತಿದ್ದಳು. ತಾರಾನಾಥ ಕುತ್ತಿಗೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ ನೋಡುತ್ತಿದ್ದ. ಮಗಳು ಉಂಟು ಎಂದು ಕಣ್ಣು ಹೇಳಿದ ಮೇಲೆಯೇ ಹಲ್ಲು ಹಗ್ಗಕ್ಕೆ ತಾಗುವುದು. ಕೂಸು ಬೆಳೆದು ಅದೇ ಮೆಟ್ಟಿಲಲ್ಲಿ ತಾನೇ ನಿಲ್ಲತೊಡಗಿದಳು. ಒಂಬತ್ತು ವರ್ಷದಿಂದ ಅವಳ ಕೈಯಲ್ಲಿ ಫೋನು. ಅಪ್ಪನ ಮುಡಿಯ ವಿಡಿಯೋ ತೆಗೆಯುವ ಕೆಲಸ ಅವಳದ್ದು, ಬೇರೆಯವರಿಗೆ ಬಿಟ್ಟುಕೊಟ್ಟದ್ದೇ ಇಲ್ಲ.

ಈ ವರ್ಷ ಅವಳಿಗೆ ಹದಿನೆಂಟು. ಹರಕೆಯ ಕೊನೆಯ ಮುಡಿ. ಇನ್ನೇನು ಎರಡು ತಿಂಗಳು ಉಂಟು ಎನ್ನುವಾಗ ಹುಲಿಯ ಕುತ್ತಿಗೆ ಕೈಕೊಟ್ಟಿತು.

ಮೊದಲು ಬೆಳಿಗ್ಗೆ ಏಳುವಾಗ ಒಂದು ಬಿಗಿತ. ಆಮೇಲೆ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ನೋವು, ಮಧ್ಯಾಹ್ನಕ್ಕೆ ತಲೆನೋವು. ತಾರಾನಾಥ ಯಾರಿಗೂ ಹೇಳಲಿಲ್ಲ. ಕಮಲ ಹಿಂದಿನಿಂದ ಕರೆದರೆ ಮೈಯನ್ನೆಲ್ಲ ಸೇರಿಸಿ ಕಪಾಟು ತಿರುಗಿಸಿದ ಹಾಗೆ ತಿರುಗುತ್ತಿದ್ದ. ಒಂದು ದಿನ ಕಾಪುವಿನ ದೀಪಸ್ತಂಭ ನೋಡುವವರನ್ನು ಇಳಿಸಿ ರಿಕ್ಷಾ ಹಿಂದಕ್ಕೆ ತೆಗೆಯುವಾಗ ಎಡಕ್ಕೆ ನೋಡಲು ಆಗಲೇ ಇಲ್ಲ. ಹಿಂದೆ ಮೀನು ಮಾರುವ ಅಪ್ಪಿ ಬುಟ್ಟಿ ಇಳಿಸಿ ಕುಳಿತಿದ್ದಳು. ಅವಳ ಕೂಗಿಗೆ ಬ್ರೇಕು ಬಿದ್ದಾಗ ಚಕ್ರಕ್ಕೂ ಬುಟ್ಟಿಗೂ ಒಂದು ಗೇಣು.

"ಎಂತ ಮಾರಾಯ, ಕಣ್ಣು ಮನೆಯಲ್ಲಿ ಬಿಟ್ಟು ಬಂದಿದ್ದೀಯಾ? ತಿರುಗಿ ನೋಡ್ಲಿಕ್ಕೆ ಎಂತ ರೋಗ?" ಎಂದು ಅಪ್ಪಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

ರೋಗವೇ ಇತ್ತು. ತಾರಾನಾಥ ಬೆಚ್ಚಿದ್ದು ಮಾತ್ರ ಬುಟ್ಟಿಯನ್ನು ನೋಡಿ. ಅದರ ತುಂಬ ಬಂಗುಡೆ! ಅವನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಕಣ್ಣ ಮುಂದೆ ಬಂದು ಕುಳಿತ ಹಾಗಾಯಿತು. ಬಣ್ಣ ಹಚ್ಚುವ ಮೊದಲಿನ ವಾರ ಹುಲಿಗಳಿಗೆ ವ್ರತ, ಮೀನು ಮಾಂಸ ಮುಟ್ಟುವ ಹಾಗಿಲ್ಲ. ಕಳೆದ ವರ್ಷ ವ್ರತದ ನಾಲ್ಕನೇ ದಿನ ತಂಗಿಯ ಮನೆಗೆ ಹೋಗಿದ್ದಾಗ ಬಂಗುಡೆ ಪುಳಿಮುಂಚಿ ಸಾರಿನ ಪರಿಮಳಕ್ಕೆ ಮನಸ್ಸು ಜಾರಿತ್ತು. ಒಂದಲ್ಲ, ಎರಡು ಬಂಗುಡೆ. ಅದರ ಶಿಕ್ಷೆಯೇ ಇದು ಎಂದು ಅವನು ತೀರ್ಮಾನಿಸಿ ಆಗಿತ್ತು. ಅದಕ್ಕೇ ಡಾಕ್ಟರ ಬಳಿ ಹೋಗದೆ, ದಿನಾ ಬೆಳಿಗ್ಗೆ ಕದ್ದು ತಪ್ಪುಕಾಣಿಕೆ ಹಾಕಿ ಬರುತ್ತಿದ್ದ. ನೋವು ಮಾತ್ರ ಕಾಣಿಕೆಗೆ ಬಗ್ಗಲಿಲ್ಲ.

ಅಪ್ಪಿ ಸುಮ್ಮನಿರುವವಳೇ? ಸಂಜೆಯೊಳಗೆ ಸುದ್ದಿ ಕಮಲಳ ಕಿವಿಗೆ ಬಿತ್ತು. ಮರುದಿನವೇ ಅವಳು ಗಂಡನನ್ನು ಅವನದೇ ರಿಕ್ಷಾದಲ್ಲಿ ಮೂಳೆ ಡಾಕ್ಟರಲ್ಲಿಗೆ ಹೊರಡಿಸಿದಳು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಫಿಸಿಯೋಥೆರಪಿ ಮಾಡಿಸಿ ಎಂದು ಡಾಕ್ಟರು ಚೀಟಿ ಬರೆದರು. ಹಾಗೆ ಅವನು ಮಣಿಪಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಸೌಮ್ಯಶ್ರೀ ಎಂಬ ಫಿಸಿಯೋಥೆರಪಿಸ್ಟ್ ಮುಂದೆ ಬಂದು ಕುಳಿತ. ಕಾರ್ಕಳದವಳು, ವಯಸ್ಸು ಮೂವತ್ತರ ಆಸುಪಾಸು, ಮಾತು ಚುರುಕು.

ಅವಳು ಪ್ಲಾಸ್ಟಿಕ್ಕಿನ ಕೋನ ಅಳೆಯುವ ಸಾಧನವನ್ನು ತಲೆಯ ಮೇಲೆ ಹಿಡಿದು ಬಲಕ್ಕೆ ತಿರುಗಿಸಲು ಹೇಳಿದಳು. ಪರವಾಗಿಲ್ಲ. ಎಡಕ್ಕೆ? ತಾರಾನಾಥ ಹಲ್ಲು ಕಚ್ಚಿ ತಿರುಗಿಸಿದ. ಇಪ್ಪತ್ತೈದು ಡಿಗ್ರಿ.

"ಎಷ್ಟು ಬೇಕಿತ್ತು?"

"ಎಪ್ಪತ್ತರ ಹತ್ರ ಬೇಕು ಅಣ್ಣ. ಎಂತ ಕೆಲಸ ನಿಮ್ಮದು?"

ರಿಕ್ಷಾ ಎಂದ. ಆಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದ. ಹರಕೆ, ಮುಡಿ, ಕೊನೆಯ ವರ್ಷ. ಸ್ವರ ತಗ್ಗಿಸಿ, ಬಾಗಿಲಾಚೆ ಕಮಲ ಇದ್ದಾಳೋ ಎಂದು ಇಡೀ ಮೈ ತಿರುಗಿಸಿ ನೋಡಿ, ಬಂಗುಡೆಯನ್ನೂ ಹೇಳಿದ. "ಎರಡು ತಿಂದಿದ್ದೆ ಡಾಕ್ಟ್ರೇ. ಅದರದ್ದೇ ಅಲ್ವಾ ಇದು?"

ಸೌಮ್ಯಶ್ರೀ ನಗಲಿಲ್ಲ. ನಗು ಬಂದದ್ದು ಖಂಡಿತ, ಆದರೆ ನಗಲಿಲ್ಲ. "ನಿಮ್ಮ ಫೋನ್ ಕೊಡಿ" ಎಂದಳು. ಎರಡು ಸಲ ಒತ್ತಿ ಪರದೆಯನ್ನು ಅವನ ಕಡೆ ತಿರುಗಿಸಿದಳು. "ನೋಡಿ, ದಿನಕ್ಕೆ ಆರು ಗಂಟೆ ನಲವತ್ತು ನಿಮಿಷ. ಎಂತ ನೋಡುದು ಇಷ್ಟು?"

ಎಂತ ನೋಡುವುದು! ಬಾಡಿಗೆ ಇಲ್ಲದ ಹೊತ್ತಿಗೆಲ್ಲ ಫೋನನ್ನು ಮಡಿಲಲ್ಲಿಟ್ಟುಕೊಂಡು, ಗದ್ದವನ್ನು ಎದೆಗೆ ಊರಿ ಹುಲಿ ನೋಡುವುದು. ಮಂಗಳೂರಿನ ಹುಲಿ, ಮಲ್ಪೆಯ ಹುಲಿ, ಎಲ್ಲಕ್ಕಿಂತ ಹೆಚ್ಚಾಗಿ ತನ್ನದೇ ಹುಲಿ. ವಿಜೇತಾ ತೆಗೆದ ಒಂಬತ್ತು ವಿಡಿಯೋ, ಒಂದಾದ ಮೇಲೆ ಒಂದು, ತಿರುಗಿ ಮೊದಲಿನಿಂದ. ಕಣ್ಣು ಮುಚ್ಚಿದರೂ ಎಲ್ಲಿ ತಾಸೆ ಏರುತ್ತದೆ ಎಂದು ಹೇಳಬಲ್ಲ.

ಸೌಮ್ಯಶ್ರೀ ಎದ್ದು ನಿಂತು ತನ್ನ ತಲೆಯನ್ನೇ ಬಗ್ಗಿಸಿ ತೋರಿಸಿದಳು. "ತಲೆ ನೇರ ಇದ್ರೆ ಭಾರ ಐದು ಕೆ.ಜಿ. ಇಷ್ಟು ಬಗ್ಗಿಸಿದ್ರೆ ಕುತ್ತಿಗೆ ಹೊರುವ ಭಾರ ಇಪ್ಪತ್ತೈದರವರೆಗೆ ಹೋಗ್ತದೆ. ಮುಡಿ ನಿಮ್ಮ ಬಾಯಲ್ಲಿ ಎಷ್ಟು ಹೊತ್ತು ಇರ್ತದೆ?"

"ಎಷ್ಟು ಅಂದ್ರೆ... ಎತ್ತಿದ್ದೇ ಎಸೆದದ್ದೇ."

"ಹಾಗಾದ್ರೆ ಕೇಳಿ. ವರ್ಷಕ್ಕೊಮ್ಮೆ ಎತ್ತುವ ಮುಡಿಯಿಂದ ನಿಮ್ಮ ಕುತ್ತಿಗೆ ಹೋದದ್ದಲ್ಲ. ಬಂಗುಡೆಯಿಂದಲೂ ಅಲ್ಲ. ಮುಕ್ಕಾಲು ಮುಡಿಯನ್ನು ದಿನಕ್ಕೆ ಆರೂವರೆ ಗಂಟೆ ಹೊತ್ತುಕೊಂಡು ರಿಕ್ಷಾದಲ್ಲಿ ಕೂತಿದ್ದೀರಿ ನೀವು!"

ತಾರಾನಾಥ ಫೋನನ್ನು ತೆಗೆದುಕೊಂಡು ಜೇಬಿಗೆ ತುರುಕಿದ. ಒಂದು ಕಡೆ ನಾಚಿಕೆ. ಇನ್ನೊಂದು ಕಡೆ ಎಂಥ ಸಂತೋಷ! ಕೃಷ್ಣನಿಗೆ ಸಿಟ್ಟಿಲ್ಲ. ಬಂಗುಡೆ ಮಾಫಿ. ಅಲ್ಲಿಯೇ ಎದ್ದು ಎರಡು ಹೆಜ್ಜೆ ಕುಣಿಯೋಣ ಅನ್ನಿಸಿತು ಅವನಿಗೆ.

"ಹಾಗಾದ್ರೆ ಮುಡಿ ಎತ್ತಬಹುದಾ?"

"ಅದನ್ನು ಈಗ ಹೇಳ್ಲಿಕ್ಕಾಗುದಿಲ್ಲ. ಈ ಕುತ್ತಿಗೆಯಲ್ಲಿ ಎತ್ತಿದ್ರೆ ಕೈಕಾಲಿನ ಶಕ್ತಿಯೇ ಹೋದೀತು. ಏಳು ವಾರ ಉಂಟು. ನಾನು ಹೇಳಿದ್ದು ಮಾಡಿ. ಕೊನೆಗೆ ಪರೀಕ್ಷೆ ಮಾಡ್ತೇನೆ. ನಾನು ಬೇಡ ಅಂದ್ರೆ ಬೇಡ. ಹರಕೆಯ ಕತೆ ಹೇಳ್ಬಾರ್ದು. ಒಪ್ಪಿಗೆಯಾ?"

ಒಪ್ಪದೆ ಉಪಾಯವಿರಲಿಲ್ಲ. ಬಿಸಿ ಶಾಖ ಕೊಟ್ಟಳು, ಬಿಗಿದ ಸ್ನಾಯುವನ್ನು ಹೆಬ್ಬೆರಳಲ್ಲಿ ಒತ್ತಿದಳು. ಊರಿಗೆಲ್ಲ ಹುಲಿಯಾದವನು ಆ ಹೆಬ್ಬೆರಳಿಗೆ ಅಯ್ಯಯ್ಯೋ ಎಂದ. ಆಮೇಲೆ ವ್ಯಾಯಾಮ ಕಲಿಸಿದಳು. ನೇರ ಕುಳಿತು ಗದ್ದವನ್ನು ಹಿಂದಕ್ಕೆ ತಳ್ಳಿ ಹಿಡಿಯುವುದು, ಹಣೆಗೆ ಅಂಗೈ ಕೊಟ್ಟು ಕೈಗೂ ತಲೆಗೂ ಜಗ್ಗಾಟ ನಡೆಸುವುದು, ಬೆನ್ನಿನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಹತ್ತಿರ ತರುವುದು.

ಎರಡು ವಾರ ಕಳೆದು ಅಳೆದಾಗ ಇಪ್ಪತ್ತೆರಡು ಡಿಗ್ರಿ. ಮೊದಲಿಗಿಂತ ಮೂರು ಕಡಿಮೆ!

"ವ್ಯಾಯಾಮ ಮಾಡ್ತಿದ್ದೀರಾ ಅಣ್ಣ?"

"ಬಿಡುವಾದಾಗೆಲ್ಲ ಅದರದ್ದೇ ಕೆಲಸ ಡಾಕ್ಟ್ರೇ. ಹುಲಿ ವಿಡಿಯೋ ಬಿಟ್ಟೇಬಿಟ್ಟೆ. ಈಗ ಬರೇ ಕುತ್ತಿಗೆಯ ವಿಡಿಯೋ. ದಿಲ್ಲಿಯವರದ್ದು, ಅಮೆರಿಕದವರದ್ದು, ಎಲ್ಲ ನೋಡ್ತೇನೆ."

"ನೋಡ್ತೀರಿ. ಮಾಡುದು ಯಾವಾಗ?"

ತಾರಾನಾಥ ಸ್ವಲ್ಪ ಯೋಚಿಸಿದ. "ಮೊದಲು ಸರಿಯಾಗಿ ನೋಡಿ ಕಲಿತು ಆಮೇಲೆ ಮಾಡುವ ಅಂತ..."

ಈ ಸಲ ಸೌಮ್ಯಶ್ರೀಗೆ ತಡೆಯಲಾಗಲಿಲ್ಲ. ಹೊರಗೆ ಕುಳಿತಿದ್ದ ಕಮಲಳನ್ನು ಕರೆದು ವಿಷಯ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕಮಲ ಕೈ ಚಾಚಿದಳು. ಆ ಹೊಳೆಯುವ ಫೋನು ಅವಳ ಚೀಲ ಸೇರಿತು. ಬಾಡಿಗೆಯವರ ಕರೆಗೆಂದು ತಾರಾನಾಥನ ಜೇಬಿಗೆ ಕಮಲಳ ಹಳೆಯ ಗುಂಡಿಯ ಫೋನು ಬಂತು. ಅದರಲ್ಲಿ ಹುಲಿಯೂ ಇಲ್ಲ, ಕುತ್ತಿಗೆಯೂ ಇಲ್ಲ.

ಮೊದಲ ನಾಲ್ಕು ದಿನ ಅವನು ಪಟ್ಟ ಪಾಡು ಬೇಡ. ಕೈ ತಾನಾಗಿ ಜೇಬಿಗೆ ಹೋಗುವುದು, ಸಪ್ಪೆ ಮುಖ ಮಾಡಿಕೊಂಡು ಹೊರಗೆ ಬರುವುದು. ಐದನೇ ದಿನ ಅಂಗಾರಣ್ಣ ಸ್ಟ್ಯಾಂಡಿಗೆ ಬಂದು ಅವನ ವ್ಯಾಯಾಮ ನೋಡಿದ. ನೋಡುತ್ತ ನೋಡುತ್ತ ಮುದುಕನ ಬೆರಳು ರಿಕ್ಷಾದ ತಗಡಿನ ಮೇಲೆ ಆಡತೊಡಗಿತು. ಒಂದು ಪೆಟ್ಟಿಗೆ ಗದ್ದ ಹಿಂದೆ. ಐದು ಪೆಟ್ಟು ಹಿಡಿ. ಬಿಡು. ತಾರಾನಾಥನ ಮೈಯಲ್ಲಿ ಕರೆಂಟು ಹರಿಯಿತು. ಇದು ವ್ಯಾಯಾಮ ಎಂದು ಯಾರು ಹೇಳಿದರು? ತಾಸೆಗೆ ಮೈ ಕೊಡುವುದು ಅವನಿಗೆ ಹನ್ನೆರಡನೇ ವಯಸ್ಸಿನಿಂದ ಗೊತ್ತು! ಅಂದಿನಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಟಪಾಡಿ ಸ್ಟ್ಯಾಂಡಿನಲ್ಲಿ ತಗಡು ಬಡಿಯುವ ಸದ್ದು. ಪಕ್ಕದ ರಿಕ್ಷಾದ ಪ್ರವೀಣ್ ಮೊದಲು ತಮಾಷೆ ಮಾಡಿದ, ವಾರದಲ್ಲಿ ತಾನೂ ಗದ್ದ ಹಿಂದಕ್ಕೆ ತಳ್ಳುತ್ತ ಕುಳಿತ. ಬಸ್ಸಿಗೆ ಕಾಯುವವರು ಇವರಿಗೆಲ್ಲ ಏನಾಗಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು.

ಮೂರನೇ ವಾರ ಮೂವತ್ತೆಂಟು ಡಿಗ್ರಿ. ನಾಲ್ಕನೆಯದರಲ್ಲಿ ಐವತ್ತು. ತಲೆನೋವು ಹೇಳದೆ ಕೇಳದೆ ಹೊರಟುಹೋಗಿತ್ತು. ಈಗ ಭಾರ ಕೊಟ್ಟು ನೋಡಬೇಕು ಎಂದಳು ಸೌಮ್ಯಶ್ರೀ. ಆದರೆ ಹಲ್ಲಿಗೆ ಕಟ್ಟುವ ಭಾರ ಕ್ಲಿನಿಕ್ಕಿನಲ್ಲಿ ಎಲ್ಲಿಂದ ಬರಬೇಕು? ಮರುದಿನ ಅಂಗಾರಣ್ಣ ಬಂದ. ಹೆಗಲ ಚೀಲದಿಂದ ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟ. ಎರಡು ಕೆ.ಜಿ.ಯದ್ದು, ಐದರದ್ದು, ಹತ್ತರದ್ದು. ಒಂದೊಂದೂ ಹುಲ್ಲಿನ ಹಗ್ಗದಲ್ಲಿ ಅಚ್ಚುಕಟ್ಟಾಗಿ ಬಿಗಿದ ಮರಿ ಮುಡಿ! "ಇಪ್ಪತ್ತರದ್ದು, ಮೂವತ್ತರದ್ದು ಮನೆಯಲ್ಲಿ ಉಂಟು ಮಗಾ, ಬೇಕಾದಾಗ ತರ್ತೇನೆ" ಎಂದು ಸೌಮ್ಯಶ್ರೀಗೆ ಹೇಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಅವಳು ಆ ಮರಿ ಮುಡಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕಾಲೇಜಿನಲ್ಲಿ ಐದು ವರ್ಷ ಓದಿದ ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ಮುಂದಿನ ವಾರಗಳಲ್ಲಿ ಎಲ್ಲೆಲ್ಲಿಂದಲೋ ಮಣಿಪಾಲಕ್ಕೆ ಓದಲು ಬಂದ ವಿದ್ಯಾರ್ಥಿಗಳು ಕಿಟಕಿಯಲ್ಲಿ ಮುತ್ತಿಕೊಂಡರು. ಐದು ಕೆ.ಜಿ. ಎದ್ದಾಗ ಚಪ್ಪಾಳೆ, ಹತ್ತು ಎದ್ದಾಗ ಸಿಳ್ಳೆ. ಪ್ರತಿ ಸಲವೂ ಸೌಮ್ಯಶ್ರೀ ಕೇಳುವುದು ಒಂದೇ. "ಕೈ ಜುಮ್ ಅಂತದಾ? ಹೆಗಲಿಗೆ ನೋವು ಇಳೀತದಾ? ಸುಳ್ಳು ಹೇಳ್ಬಾರ್ದು." ಅವನು ಸುಳ್ಳು ಹೇಳಲಿಲ್ಲ. ಇಪ್ಪತ್ತರ ದಿನ ಹೆಗಲು ಸ್ವಲ್ಪ ಹಿಡಿಯಿತು ಎಂದು ತಾನಾಗಿ ಹೇಳಿದ. ಮೂರು ದಿನ ಭಾರ ಬಂದ್ ಆಯಿತು. ಆ ಮೂರು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಅಷ್ಟಮಿಗೆ ಐದು ದಿನ ಇರುವಾಗ ಪರೀಕ್ಷೆ. ಮೂವತ್ತರ ಮುಡಿ. ಅಂಗಾರಣ್ಣ ಕುರ್ಚಿಯ ಮೇಲೆ ತಾಸೆಯ ತಾಳ ಬಡಿದ, ತಾರಾನಾಥ ಬಗ್ಗಿದ, ಕಚ್ಚಿದ. ಮುಡಿ ಹಿಂದಿನ ಹಾಸಿಗೆಯ ಮೇಲೆ ಬಿತ್ತು. ಸೌಮ್ಯಶ್ರೀ ಬೆರಳು, ಹೆಗಲು, ಬೆನ್ನು ಎಲ್ಲ ಒತ್ತಿ ನೋಡಿದಳು. ಕೋನ ಅಳೆದಳು. ಎಡಕ್ಕೆ ಎಪ್ಪತ್ತೆರಡು.

"ಎತ್ತಿ" ಎಂದಳು. "ಒಂದೇ ಸಲ. ನಾನೂ ನೋಡ್ಲಿಕ್ಕೆ ಬರ್ತೇನೆ."

ತಾರಾನಾಥ ಅಲ್ಲಿಯೇ ಗಟ್ಟಿಯಾಗಿ ಅತ್ತ. ಅಂಗಾರಣ್ಣ ಅವನ ಬೆನ್ನು ತಟ್ಟಿ, "ಆಯ್ತಲ್ಲ ಮಗಾ, ಸಾಕು, ಸಾಕು" ಎನ್ನುತ್ತ ತಾನೂ ಮೂಗು ಒರೆಸಿಕೊಂಡ. ಈ ವರ್ಷ ವ್ರತದ ವಾರದಲ್ಲಿ ತಂಗಿಯ ಮನೆಯ ದಾರಿಯನ್ನೇ ತಾರಾನಾಥ ತುಳಿಯಲಿಲ್ಲ.

ಬಣ್ಣ ಹಚ್ಚಿಸಿಕೊಂಡು ಕೈ ಅಗಲಿಸಿ ನಿಂತಿದ್ದ ಬೆಳಿಗ್ಗೆ ವಿಜೇತಾ ಫೋನು ಹಿಡಿದು ಬಂದಳು. "ಪಪ್ಪಾ, ಚಾರ್ಜ್ ಫುಲ್ ಉಂಟು. ಕೊನೆಯ ಮುಡಿ, ಚೆಂದ ತೆಗೀತೇನೆ."

"ಈ ಸಲ ವಿಡಿಯೋ ಬೇಡ ಮಗಾ."

"ಎಂತಕ್ಕೆ?"

"ವಿಡಿಯೋ ಇದ್ರೆ ನಾನು ನೋಡ್ತೇನೆ. ನೋಡಿದ್ರೆ ಪುನಃ ಕುತ್ತಿಗೆ ಹೋಗ್ತದೆ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ ಮಾರಾಯ್ತಿ."

ವಿಜೇತಾಳಿಗೆ ನಗು ಬಂತು, ಬೇಸರವೂ ಆಯಿತು. ಫೋನನ್ನು ಅಮ್ಮನ ಚೀಲಕ್ಕೆ ಹಾಕಿದಳು.

ಬನ್ನಂಜೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೋಡ ಸರಿದು ಬಿಸಿಲು ಬಿದ್ದಿತ್ತು, ಹಳದಿ ಬಣ್ಣ ಉರಿಯುತ್ತಿತ್ತು. ಹತ್ತು ಹುಲಿಗಳು ಸುತ್ತು ಹಾಕಿ ಜಾಗ ಬಿಡಿಸಿದವು. ಮಧ್ಯದಲ್ಲಿ ಮುಡಿ. ಪುಸ್ತಕದಂಗಡಿಯ ಮೆಟ್ಟಿಲ ಮೇಲೆ ವಿಜೇತಾ, ಅಮ್ಮ, ಅವರ ಪಕ್ಕದಲ್ಲಿ ತುದಿಗಾಲಲ್ಲಿ ನಿಂತ ಸೌಮ್ಯಶ್ರೀ. ತಾಸೆ ಏರಿತು. ಇನ್ನೂ ಏರಿತು. ಎದೆಯೊಳಗೇ ಯಾರೋ ಬಡಿಯುತ್ತಿದ್ದ ಹಾಗೆ ಕೇಳಿತು ವಿಜೇತಾಳಿಗೆ. ಫೋನಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಮ್ಮನ ಸೆರಗು ಹಿಡಿದುಕೊಂಡಳು. ಹುಲಿ ಮುಡಿಯ ಸುತ್ತ ಮೂರು ಸಲ ಬಂತು. ಕೈ ಹಿಂದೆ ಕಟ್ಟಿ ಮೊಣಕಾಲೂರಿತು.

ಆಗ ಅದು ಎಡಕ್ಕೆ ತಿರುಗಿತು. ಹೆಗಲ ತನಕ, ಪೂರ್ತಿ.

ಮರುಕ್ಷಣ ಹಲ್ಲು ಹಗ್ಗಕ್ಕೆ ಬಿತ್ತು. ಮುಡಿ ನೆಲ ಬಿಟ್ಟಿತು, ಎದೆಯ ಮಟ್ಟಕ್ಕೆ ಬಂತು, ತಲೆಯ ಮೇಲೆ ಹೋಯಿತು. ಧೊಪ್! ಸೌಮ್ಯಶ್ರೀ ಚಪ್ಪಲಿ ಕಳಚಿಕೊಂಡದ್ದೂ ತಿಳಿಯದೆ ಮೆಟ್ಟಿಲಿನಿಂದ ಹಾರಿದಳು. ಅಂಗಾರಣ್ಣ ಆಕಾಶಕ್ಕೆ ಕೈಮುಗಿದ. ಹದಿನೆಂಟು ವರ್ಷದ ಹರಕೆ ತೀರಿತ್ತು.

ಜನರನ್ನು ಸೀಳಿಕೊಂಡು ವಿಜೇತಾ ಓಡಿಬಂದಳು. ಅವಳ ಮುಖ ಕೆಂಪಾಗಿತ್ತು.

"ಪಪ್ಪಾ, ಎತ್ತುವ ಮೊದಲು ನೀವು ನನ್ನನ್ನು ನೋಡಿದ್ರಿ!"

"ಪ್ರತಿ ವರ್ಷ ನೋಡ್ತೇನಲ್ಲ."

"ನೀವು ಕ್ಯಾಮೆರಾ ನೋಡುದು ಅಂತ ಗ್ರಹಿಸಿದ್ದೆ ನಾನು." ಅವಳು ತನ್ನ ಖಾಲಿ ಅಂಗೈ ನೋಡಿಕೊಂಡಳು. "ಒಂಬತ್ತು ವರ್ಷ ನಾನು ಸ್ಕ್ರೀನ್ ನೋಡ್ತಾ ನಿಂತಿದ್ದೆ ಪಪ್ಪಾ."

ಆ ಒಂಬತ್ತು ವಿಡಿಯೋಗಳನ್ನು ತಾರಾನಾಥ ಸಾವಿರ ಸಲ ನೋಡಿದ್ದ. ಎಲ್ಲದರಲ್ಲೂ ಹುಲಿ ಈ ಕಡೆ ತಿರುಗಿ ನೋಡುತ್ತಿತ್ತು, ಮಗಳು ಮಾತ್ರ ಒಂದರಲ್ಲೂ ಕಾಣುತ್ತಿರಲಿಲ್ಲ. ಅವನು ಬಣ್ಣದ ಕೈಯನ್ನು ಅವಳ ತಲೆಯ ಮೇಲಿಟ್ಟ. ಕೂದಲಿಗೆ ಹಳದಿ ಹತ್ತಿತು. ಅವಳು ಕೊಡವಿಕೊಳ್ಳಲಿಲ್ಲ. ತಿರುಗಿ ಓಡಿ ಅದೇ ಮೆಟ್ಟಿಲನ್ನು ಹತ್ತಿ, ಎರಡೂ ಕೈ ಕೆಳಗೆ ಬಿಟ್ಟು ನಿಂತಳು.

"ಇನ್ನೊಂದು ಸಲ ನೋಡಿ ಪಪ್ಪಾ."

ಹುಲಿ ಎಡಕ್ಕೆ ತಿರುಗಿ ನೋಡಿತು.